ಓಕುಳಿ ಬಿದ್ದ ಚಕ್ರ

ಹೋದ ವಾರ ನಮ್ಮ ಕಾಂಪೌಂಡಿನ ಗೇಟಿಗೆ ಪ್ರೈಮರ್ ಬಳಿದರು. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೈರಿಡ್ಜ್‌ ಬಡಾವಣೆಯ ಹಳೆಯ ಮನೆಗೆ ಹೋಗಿಬಿಟ್ಟಿದ್ದೆ... ಪಕ್ಕದ ಮನೆಯ ಗ್ಯಾರೇಜಿನಲ್ಲಿ, ಪ್ರೈಮರ್ ಬಳಿದ ಅಲ್ಯೂಮಿನಿಯಂ ರೆಕ್ಕೆಯೊಂದರ ಹೊಟ್ಟೆಯೊಳಗೆ ಭುಜದವರೆಗೂ ಕೈ ತೂರಿಸಿಕೊಂಡು ಕೂತಿದ್ದೆ.

ಆ ಮನೆಯ ಅಂಕಲ್ ಮೈಸೂರಿನವರು, ಔಷಧಿ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ಅವರದು. ಎರಡು ಸಾವಿರದ ಹನ್ನೆರಡು ಹದಿಮೂರರ ಸುಮಾರಿನ ಮಾತು. ಶನಿವಾರ ಭಾನುವಾರ ಅವರು ವಿಮಾನ ಕಟ್ಟುತ್ತಿದ್ದರು. ಆಟದ ಸಾಮಾನಲ್ಲ, ಇಬ್ಬರು ಕೂತು ಹಾರಬಹುದಾದ ನಿಜವಾದ ವಿಮಾನ. ಗ್ಯಾರೇಜು ಅದಕ್ಕೇ ಸಾಲದೆ ಆಂಟಿಯ ಕಾರು ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು.

ನಾನು ಗಂಡನ ಕೆಲಸಕ್ಕೆಂದು ಪರದೇಶಕ್ಕೆ ಜೊತೆಗೆ ಬಂದವಳು. ಇಂಜಿನಿಯರಿಂಗ್ ಓದಿದ್ದರೂ ನನ್ನ ವೀಸಾದಲ್ಲಿ ದುಡಿಯುವ ಹಾಗಿರಲಿಲ್ಲ. "ನಿನ್ನ ಕೈ ಸಣ್ಣದಿದೆ, ಬಾಮ್ಮ ಇಲ್ಲಿ" ಎಂದು ಅಂಕಲ್ ಒಂದು ದಿನ ಗೋಡೆಯಾಚೆಯಿಂದ ಕರೆದರು. ಅವರು ಹೊರಗಿನಿಂದ ತಗಡು ಜೋಡಿಸುವ ರಿವೆಟ್ ಮೊಳೆ ಬಡಿಯುವಾಗ ನಾನು ಒಳಗಿನಿಂದ ಉಕ್ಕಿನ ತುಂಡೊಂದನ್ನು ಒತ್ತಿ ಹಿಡಿಯಬೇಕಿತ್ತು. ಕೂದಲೆಳೆಯಷ್ಟು ಅಲುಗಿದರೂ ರಿವೆಟ್ ಹಾಳು, ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಅವರು ರೇಗುತ್ತಿರಲಿಲ್ಲ, ನಾನೇ ನನ್ನ ಮೇಲೆ ರೇಗಿಕೊಳ್ಳುತ್ತಿದ್ದೆ. ಹಾಗೆ ಎರಡು ವರ್ಷ ಹಿಡಿದೆ.

ಕನ್ನಡ ಕೂಟದವರಿಗೆ ನಾವು ನಗೆಪಾಟಲು. ಯುಗಾದಿಯ ಊಟದಲ್ಲಿ ಒಬ್ಬರು, "ರೈಲು ಬಿಡೋರನ್ನ ಬೇಕಾದಷ್ಟು ನೋಡಿದೀವಿ ಸಾರ್, ವಿಮಾನ ಬಿಡೋರು ನೀವೇ ಮೊದಲು" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಂಕಲ್ ಹೋಳಿಗೆ ಮುರಿಯುತ್ತಾ, "ರೈಲಿಗೆ ಹಳಿ ಬೇಕು ಸ್ವಾಮಿ, ನಮಗೆ ಬೇಡ" ಅಂದರು. ನನಗೆ ಅಷ್ಟು ತಾಳ್ಮೆಯಿಲ್ಲ, ಎಲೆ ಬಿಟ್ಟು ಎದ್ದೆ. ಆ ಹೋಳಿಗೆಯ ಬಗ್ಗೆ ಮಾತ್ರ ಇವತ್ತಿಗೂ ಬೇಸರವಿದೆ.

ಮೂರನೇ ವರ್ಷ ಅಂಕಲ್ ಅವರ ವರ್ಕ್ ಪರ್ಮಿಟ್ ಮುಂದುವರಿಯುವುದಿಲ್ಲವೆಂದು ತಿಳಿಯಿತು. ಡಿಸೆಂಬರ್ ಕೊನೆಗೆ ದೇಶ ಬಿಡಬೇಕು. ಅಷ್ಟರೊಳಗೆ ಹಾರದಿದ್ದರೆ ಆ ವಿಮಾನ ಅವರ ಕೈಯಲ್ಲಿ ಇನ್ನೆಂದೂ ಹಾರುವಂತಿರಲಿಲ್ಲ. ಹಾರಿಸುವ ಲೈಸೆನ್ಸ್ ಅವರ ಬಳಿ ಇತ್ತು, ವಿಮಾನ ಪರೀಕ್ಷಿಸುವ ಸರ್ಕಾರಿ ಇನ್‌ಸ್ಪೆಕ್ಟರ ಸಹಿಯೊಂದು ಬಾಕಿ.

ಕರೆನ್ ಬಡಾವಣೆ ದಾಟಿದ ಮೇಲೆ ಸಿಗುವ ಏರ್‌ಸ್ಟ್ರಿಪ್ ಒಂದರ ಶೆಡ್ಡಿಗೆ ವಿಮಾನ ಸಾಗಿಸಿ ಜೋಡಿಸಿದೆವು. ಎರಡು ಸಲ ಬರುವುದನ್ನು ಮುಂದೂಡಿದ ಇನ್‌ಸ್ಪೆಕ್ಟರು ಕೊನೆಗೂ ಬಂದದ್ದು ಆಯುಧಪೂಜೆಯ ದಿನ ಮಧ್ಯಾಹ್ನ. ಬೆಳಿಗ್ಗೆಯೇ ಪೂಜೆ ಮುಗಿದಿತ್ತು. ಸ್ಪ್ಯಾನರುಗಳೆಲ್ಲ ಕುಂಕುಮ ಇಟ್ಟುಕೊಂಡು ಚಾಪೆಯ ಮೇಲೆ ಮಲಗಿದ್ದವು. ಪಾನ್ ಅಂಗಡಿಯಿಂದ ತಂದ ಸುಣ್ಣಕ್ಕೆ ಅರಿಶಿನ ಕದಡಿ ಆರತಿ ಎತ್ತಿದ ಆಂಟಿ, ಆ ಕೆಂಪು ಓಕುಳಿಯನ್ನು ಎಡಗಡೆ ಚಕ್ರದ ಬುಡಕ್ಕೇ ಸುರಿದಿದ್ದರು.

ವಿಮಾನದ ಬ್ರೇಕ್ ಆಯಿಲೂ ಕೆಂಪೇ! ಇನ್‌ಸ್ಪೆಕ್ಟರು ಬಗ್ಗಿ ನೋಡಿದರು, ಬೆರಳಿಗೆ ಹಚ್ಚಿಕೊಂಡು ಮೂಸಿದರು, ಬ್ರೇಕ್ ಸೋರುತ್ತಿರಬೇಕು ಅಂದರು. ಅರಿಶಿನದ ನೀರೆಂದು ಆಂಟಿ ಎಷ್ಟು ಹೇಳಿದರೂ ಕೇಳಲಿಲ್ಲ. ಬಿಚ್ಚಿ ತೋರಿಸಿ, ಇಲ್ಲವಾದರೆ ನಾನು ಮತ್ತೆ ಬರುವುದು ಜನವರಿಗೆ ಎಂದರು. "ಪೋಲೆ ಸಾನಾ" ಎಂದು ತಮ್ಮ ಭಾಷೆಯಲ್ಲಿ ಕ್ಷಮೆಯನ್ನೂ ಕೇಳಿದರು.

ಅಂಕಲ್ ಕೈಕಟ್ಟಿ ನಿಂತುಬಿಟ್ಟರು. "ಇವತ್ತು ಆಯುಧ ಮುಟ್ಟಲ್ಲ ಕಣಮ್ಮ. ವರ್ಷವೆಲ್ಲ ದುಡಿದಿವೆ, ಇದೊಂದು ದಿನ ಅವಕ್ಕೆ ರಜ." ಜನವರಿ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಮುಖ ಸಪ್ಪಗಾಗಿತ್ತು, ಆದರೂ ಕಟ್ಟಿದ ಕೈ ಬಿಡಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಪೂಜೆ ಆಗಿರೋದು ನಿಮ್ಮ ಆಯುಧಕ್ಕೆ ಅಂಕಲ್, ಇವರದ್ದಕ್ಕಲ್ಲ!" ಎಂದವಳೇ ಇನ್‌ಸ್ಪೆಕ್ಟರ ಮುಂದೆ ಕೈ ಚಾಚಿದೆ. ಅವರು ತಮ್ಮ ಚೀಲದಿಂದ ಸ್ಪ್ಯಾನರ್ ತೆಗೆದುಕೊಟ್ಟರು. ಯಾವ ನಟ್ ಮೊದಲು, ಯಾವುದು ಆಮೇಲೆ ಎಂದು ಅಂಕಲ್ ಕೈ ಕಟ್ಟಿಕೊಂಡೇ ಹೇಳಿಕೊಟ್ಟರು. ಬಿಚ್ಚಿ ನೋಡಿದರೆ ಒಳಗೆಲ್ಲ ಒಣಒಣ. ಮತ್ತೆ ಜೋಡಿಸಿ ಬಿಗಿದದ್ದನ್ನು ತಾವೇ ಪರೀಕ್ಷಿಸಿ ಇನ್‌ಸ್ಪೆಕ್ಟರು ಸಹಿ ಹಾಕಿದರು. ಆಂಟಿ ಮಾಡಿದ್ದ ಕಡಲೆ ಉಸಲಿಯನ್ನು ಎರಡು ಸಲ ಹಾಕಿಸಿಕೊಂಡರು.

ನವೆಂಬರಿನ ಒಂದು ಬೆಳಿಗ್ಗೆ ಅಂಕಲ್ ಒಬ್ಬರೇ ಹಾರಿದರು. ಮೊದಮೊದಲ ಹಾರಾಟಗಳಲ್ಲಿ ಪಕ್ಕದಲ್ಲಿ ಯಾರನ್ನೂ ಕೂರಿಸುವಂತಿರಲಿಲ್ಲ. ಆಂಟಿ ನನ್ನ ಮುಂಗೈಯನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ ಬಳೆಯ ಗುರುತು ಬಿದ್ದಿತ್ತು. ಎರಡು ಸುತ್ತು ಹಾಕಿ ಇಳಿದು ಬಂದವರು ರೆಕ್ಕೆಯ ರಿವೆಟ್ ಸಾಲನ್ನು ಸವರಿ, "ಒಂದೂ ಅಲ್ಲಾಡ್ಲಿಲ್ಲ ಕಣಮ್ಮ" ಅಂದರು. ನಾನು ಜೋರಾಗಿ ಅತ್ತುಬಿಟ್ಟೆ.

ಡಿಸೆಂಬರಿನಲ್ಲಿ ವಿಮಾನವನ್ನು ಯಾರಿಗೋ ಕೊಟ್ಟು ಊರಿಗೆ ಹೋದರು. ಅದರಲ್ಲಿ ಕೂರಲು ನನಗೆ ಸಿಗಲೇ ಇಲ್ಲ. ಅಂಕಲ್ ತೀರಿಕೊಂಡರೆಂದು ಹೋದ ವರ್ಷ ಮೈಸೂರಿನಿಂದ ಆಂಟಿಯ ಫೋನ್ ಬಂತು... ಕೂಟದ ವಾಟ್ಸಾಪ್‌ನಲ್ಲಿ ಯಾರೋ, "ಪಾಪ, ಏನೋ ವಿಮಾನದ ಹುಚ್ಚಿತ್ತು" ಎಂದು ಬರೆದು ಕೈಮುಗಿದರು. ನಾನು ಸುಮ್ಮನಿರಲಿಲ್ಲ. ಅವರು ಕಟ್ಟಿದ್ದು ಹಾರಿತು, ನಾನು ಕಣ್ಣಾರೆ ನೋಡಿದ್ದೇನೆ ಎಂದು ಬರೆದೆ. ಪಾಪ ಅನ್ನಲೇಬೇಕೆಂದಿದ್ದರೆ ನನಗೆ ಅನ್ನಿ, ಅವರಿಲ್ಲದೆ ಉಳಿದವಳು ನಾನು.