ಇಬ್ಬರ ಕಿವಿಗೆ ಬಿದ್ದ ಮಾತು

ನಾನು ಕೇಳಿದ್ದೆ. ಲಾಲಸಾಬ ಮಾಮಾ, ಆ ದಿನ ಸಾವಕಾರರು ನಿನಗೆ ಹೇಳಿದ ಮಾತು ನನ್ನ ಕಿವಿಗೆ ಸರಿಯಾಗಿಯೇ ಬಿದ್ದಿತ್ತು. ಸಿಂಧನೂರಿನ ಬಜಾರದ ಹಿರಿಯರ ಮುಂದೆ, ಕಟ್ಟೆಯ ಮೇಲೆ ನಿಂತು ‘ಕೇಳಿಸಲಿಲ್ಲ’ ಎಂದೆನಲ್ಲ — ಅದು ಸುಳ್ಳು. ಸುಳ್ಳೆಂದು ಬಲ್ಲವರು ಮೂವರೇ: ನೀನು, ಸಾವಕಾರರು, ನಾನು. ಮೂವರೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ಬಂದೆವು. ಆದರೆ ನಿನ್ನ ಮೌನ ಬೇರೆ, ನಮ್ಮದು ಬೇರೆ. ಅದನ್ನಾದರೂ ಇವತ್ತು ಹೇಳಿಬಿಡಬೇಕು.

ನಮ್ಮನ್ನು ಅರಿಯದವರೂ ಇದನ್ನು ಓದಬಹುದು, ಅವರಿಗಾಗಿ ಒಂದೆರಡು ಮಾತು. ನಿಜಾಮನ ಆಳ್ವಿಕೆ ಹೋಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ವಳಕಮದಿನ್ನಿಯಿಂದ ಬಂದ ನಾನು ಸಿಂಧನೂರಿನಲ್ಲಿ ಶರಣಪ್ಪ ಸಾವಕಾರರ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ರೈತರಿಂದ ಶೇಂಗಾ, ಜೋಳ ಕೊಂಡು ಮಸ್ಕಿಯ ಮೇಲೆ ಲಿಂಗಸುಗೂರಿಗೆ ಸಾಗಿಸುವುದು ಅವರ ವ್ಯಾಪಾರ. ಲಾರಿ ನಡೆಸುವವನು ಲಾಲಸಾಬ. ಪಕ್ಕದಲ್ಲಿ ಕೂತು ಹೋಗಿ, ಮಾಲು ಒಪ್ಪಿಸಿ ಬರುವವನು ನಾನು.

ಸಾವಕಾರರು ಕೆಟ್ಟವರೇ? ಇಷ್ಟು ವರ್ಷ ಅವರ ಅನ್ನ ತಿಂದೂ ನನಗೆ ಹೇಳಲು ಬರುವುದಿಲ್ಲ. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಅವರದು ಅಂಥ ನಾಲಿಗೆ. ಮುಂಜಾನೆ ಮಸ್ಕಿಗೆ ಹೋಗಿ ಜೋಳ ತುಂಬಿಕೊಂಡು ಬಾ ಎನ್ನುವರು. ತುಂಬಿಕೊಂಡು ಬಂದರೆ, ಮಸ್ಕಿಗೆ ಹೋಗೆಂದವರು ಯಾರು, ನಾನು ಹೇಳಿದ್ದು ಮುದಗಲ್ಲು ಎಂದು ಹಮಾಲರ ಎದುರಿಗೇ ಹರಿಹಾಯುವರು. ಒಮ್ಮೆ ಮಸ್ಕಿ ಹಳ್ಳ ತುಂಬಿ ಬಂದಾಗ ನೀನು ಲಾರಿ ನಿಲ್ಲಿಸಿ ಕಾದೆ. ನೀರು ನೋಡುತ್ತ ಕೂಡಲಿಕ್ಕೆ ಲಾರಿ ಕೊಂಡಿದ್ದೇನೇನು ಎಂದು ಬೈದು, ಮಳೆಗಾಲ ಮುಗಿಯುವವರೆಗೂ ನಿನ್ನ ಕೈಗೆ ದಬ್ಬಳ ಕೊಟ್ಟು ಹರಿದ ಚೀಲ ಹೊಲಿಯಲು ಕೂಡಿಸಿದರು. ಮರುವರ್ಷ ಅಂಥದೇ ನೀರಿನಲ್ಲಿ ನೀನು ಹೆದರುತ್ತಲೇ ದಾಟಿಸಿಕೊಂಡು ಬಂದೆ. ಆಗ, ಲಾರಿ ಮುಳುಗಿಸಬೇಕಂತ ಮಾಡಿದ್ದೇನು ಎಂದು ಅದಕ್ಕೂ ಬೈದರು. ಅತ್ತ ದರಿ, ಇತ್ತ ಪುಲಿ.

ಉಪಾಯ ಹುಡುಕಿದವನು ನೀನು. ಒಂದು ದಿನ ಟೈರಿಗೆ ಒರಗಿ ಕೂತು ತಂಬಾಕು ತಿಕ್ಕುತ್ತ ನನಗೆ ಹೇಳಿದೆ:

“ಇವರ ಮಾತು ಒಬ್ಬನ ಕಿವಿಗೆ ಬಿದ್ರ ಗಾಳಿ, ಗುರಣ್ಣ. ಇಬ್ಬರ ಕಿವಿಗೆ ಬಿದ್ರ ಹುಕುಮು.”

ಅಲ್ಲಿಂದ ಅದು ನಮ್ಮ ರೂಢಿಯಾಯಿತು. ಸಾವಕಾರರು ನಿನ್ನನ್ನು ಕರೆದು ಏನಾದರೂ ಹೇಳತೊಡಗಿದರೆ ನೀನು, ಗುರಣ್ಣ, ಹಗ್ಗ ತಗೊಂಬಾ ಎಂದು ಕೂಗುತ್ತಿದ್ದೆ. ನಾನು ಹಗ್ಗ ಹಿಡಿದು ಬಂದು ನಿನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ನೀನು ಮಂದಬುದ್ಧಿಯವನ ಹಾಗೆ ಅದನ್ನೇ ಇನ್ನೊಮ್ಮೆ ಕೇಳುತ್ತಿದ್ದೆ. ಅವರು ಸಿಡಿಮಿಡಿಗೊಂಡು ಇನ್ನೊಮ್ಮೆ ಹೇಳುತ್ತಿದ್ದರು. ನನಗೆ ಹೇಳುವಾಗ ನೀನು ಬಂದು ಹಾಗೆಯೇ ನಿಲ್ಲುತ್ತಿದ್ದೆ. ಮುಂದೆ ಅವರು, ನಾ ಯಾವಾಗ ಹೇಳಿದೆ ಎಂದರೆ, ಹೇಳಿದ್ರಿ ಸಾವಕಾರ್ರ, ನಾನೂ ಇದ್ದೆ ಎಂದು ನಮ್ಮಲ್ಲೊಬ್ಬ ಮೆಲ್ಲಗೆ ಅನ್ನುವನು. ಅವರು ಗೊಣಗಿ ಸುಮ್ಮನಾಗುವರು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ನಮ್ಮ ಜಾಣತನಕ್ಕೆ ನಾವೇ ನಗುತ್ತಿದ್ದೆವು. ಆದರೆ ಅವೆಲ್ಲ ಸಣ್ಣ ಮಾತುಗಳು, ಮಾಮಾ. ದೊಡ್ಡ ಮಾತು ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಚಿತ್ತಿ ಮಳೆಯಲ್ಲಿ. ಹಿಂದಿನ ದಿನವೆಲ್ಲ ಲಿಂಗಸುಗೂರಿನ ಕಡೆ ಮೋಡ ಕವಿದಿತ್ತು. ಲಾರಿಯ ತುಂಬ ಶೇಂಗಾ ಚೀಲ. ನೀನು ಮುಂದೆ ನಿಂತು, ಲಾರಿ ಚಾಲೂ ಮಾಡಲು ಹ್ಯಾಂಡಲ್ ಕೈಗೆ ತೆಗೆದುಕೊಂಡಿದ್ದೆ — ಇನ್ನೂ ತಿರುವಿರಲಿಲ್ಲ. ಸಾವಕಾರರು ಗಾದಿಯಿಂದ ಎದ್ದು ಹೊರಗೆ ಬಂದರು. ನೀನು ಹಗ್ಗ ತರಲು ಕೂಗಿದೆ. ನಾನು ಬಂದು ನಿಂತೆ.

ಮಸ್ಕಿ ಹಳ್ಳದ ದಂಡೆಯ ಮೇಲೆ ಒಂದು ಕಲ್ಲು ಬಸವಣ್ಣ ಇತ್ತಲ್ಲ, ಅದನ್ನೂ ಓದುವವರಿಗೆ ಹೇಳಬೇಕು. ನೀರು ಬಸವಣ್ಣನ ಕಾಲು ಮುಟ್ಟಿದರೆ ಆ ಭಾಗದ ಗಾಡಿಯವರು ಎತ್ತು ಬಿಚ್ಚಿ ಕೂತುಬಿಡುತ್ತಿದ್ದರು. ಬಸವಣ್ಣ ಕಾಲು ತೊಳ್ಕೊಂಡಾನ ಎಂದರೆ ಮುಗಿಯಿತು, ದಾಟುವ ಮಾತೇ ಇಲ್ಲ. ನೀನು ಬೇರೆ ದೇವರಿಗೆ ಕೈಯೆತ್ತುವವನಾದರೂ ಈ ಕಟ್ಟಳೆಯನ್ನು ನಮಗಿಂತ ಗಟ್ಟಿಯಾಗಿ ಹಿಡಿದವನು.

ಅದಕ್ಕೇ ನೀನು ಕೇಳಿದೆ. “ಸಾವಕಾರ್ರ, ಬಸವಣ್ಣ ಕಾಲು ತೊಳ್ಕೊಂಡಿದ್ರ ಏನ್ ಮಾಡ್ಲಿ?”

“ತಲಿ ತೊಳ್ಕೊಂಡಿದ್ರೂ ದಾಟಸು. ಲಾರಿ ನಂದೈತಿ, ನಿಮ್ಮಪ್ಪಂದಲ್ಲ.”

ನೀನು ರೂಢಿಯ ಹಾಗೆ ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಅದನ್ನೇ ಹೇಳಿದರು. ಆಮೇಲೆಯೇ ನೀನು ಹ್ಯಾಂಡಲ್ ತಿರುವಿದ್ದು.

ಹಳ್ಳಕ್ಕೆ ಬಂದಾಗ ನೀರು ಬಸವಣ್ಣನ ಮೊಣಕಾಲಿಗೆ ಏರಿತ್ತು. ಎರಡೂ ದಂಡೆಯಲ್ಲಿ ಗಾಡಿಗಳು ನಿಂತಿದ್ದವು. ನೀನು ಕೆಳಗಿಳಿದು ನೀರಿನ ಅಂಚಿನಲ್ಲಿ ಬಹಳ ಹೊತ್ತು ನಿಂತೆ. ತಿರುಗಿ ಬಂದು ಬಾಗಿಲು ಹಿಡಿದುಕೊಂಡು ನನ್ನ ಮುಖ ನೋಡಿದೆ. ನಾನು ಆಗ ಏನು ಹೇಳಿದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಈಗ ಹೇಳುತ್ತೇನೆ.

“ನಾ ಕೇಳೀನಿ, ಮಾಮಾ. ಹೆದರಬ್ಯಾಡ.”

ಅಷ್ಟೇ. ನನಗೆ ಆ ದಿನ ಬೇಗ ಮಾಲು ಒಪ್ಪಿಸಿ ಊರು ಮುಟ್ಟಬೇಕಿತ್ತು, ಚಳಿಯಾಗುತ್ತಿತ್ತು, ಮತ್ತೆ — ಬೇಡ, ಕಾರಣ ಹುಡುಕುವುದು ಬೇಡ. ಸಾವಕಾರರ ಹುಕುಮಿಗಲ್ಲ, ನನ್ನ ಆ ಮಾತಿಗೆ ನೀನು ನೀರಿಗಿಳಿದೆ. ನಡುಹಳ್ಳದಲ್ಲಿ ಇಂಜಿನ್ ಸತ್ತಿತು. ಕೆಳಗಿನ ಮರಳು ಸರಿದು ಲಾರಿ ಮೆಲ್ಲಗೆ ವಾಲಿತು, ಆಮೇಲೆ ಒಮ್ಮೆಲೇ ಮಗ್ಗುಲಾಯಿತು. ನಾವಿಬ್ಬರೂ ಮೇಲಿನ ಮಗ್ಗುಲು ಹತ್ತಿ ಕೂತು ಕೂಗುತ್ತಿದ್ದಾಗ ಗಾಡಿಯವರು ಹಗ್ಗ ಎಸೆದು ಎಳೆದುಕೊಂಡರು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ. ಶೇಂಗಾ ಎಲ್ಲ ಹಳ್ಳದ ಪಾಲಾಯಿತು. ನೀರಿಳಿದ ಮೇಲೆ ನೋಡಿದರೆ ಲಾರಿ ಗುಜರಿಗೆ ಹಾಕುವ ಹಾಗಾಗಿತ್ತು.

ಮರುದಿನ ಸಿಂಧನೂರಿಗೆ ನಡೆದೂ ಅವರಿವರ ಗಾಡಿ ಹತ್ತಿಯೂ ಬಂದು ಸೇರಿದೆವು. ನಮಗಿಂತ ಮೊದಲೇ ಸುದ್ದಿ ಬಂದಿತ್ತು. ನೀನು ಕೆಸರು ಒಣಗಿದ ಪಾಯಿಜಾಮದಲ್ಲೇ ಅಂಗಡಿಯ ಕಟ್ಟೆಯ ಅಂಚಿಗೆ ಕೂತೆ. ಸಾವಕಾರರು ನನ್ನೊಬ್ಬನನ್ನೇ ಒಳಗೆ ಕರೆದರು. ಯಾವಾಗಲೂ ‘ಲೇ ಗುರ್ಯಾ’ ಎನ್ನುವವರು.

“ಗುರಣ್ಣಾ, ಉಂಡಿಯೇನು?” ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿಸಿದರು. ಅವರ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಯ, ಮೊಸರು ಬಡಿಸಿದರು. ಸಾವಕಾರರು ಎದುರಿಗೇ ಕೂತು ಇನ್ನೊಂದು ರೊಟ್ಟಿ ಹಾಕಿಸಿಕೋ ಎಂದು ಉಪಚಾರ ಮಾಡಿದರು. ಲಾರಿಯ ಸುದ್ದಿ ತೆಗೆಯಲೇ ಇಲ್ಲ. ಅವರು ಹೆದರಿಸಿದ್ದರೆ ನಾನು ಗಟ್ಟಿಯಾಗುತ್ತಿದ್ದೆನೇನೋ — ಬಲ್ಲವರಾರು. ಎಷ್ಟೋ ದಿನ ಬೈಸಿಕೊಂಡ ನಾಯಿಗೂ ಒಮ್ಮೆ ತಲೆ ಸವರಿದರೆ ಸಾಕು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಗಾದೆಯನ್ನು ಕೈ ತೊಳೆಯುವಾಗ ನೆನೆಸಿಕೊಂಡೆ. ಹಿರಿಯರು ಕಟ್ಟಿದ ಒಳ್ಳೆಯ ಮಾತನ್ನು ನನ್ನ ಹೇಡಿತನದ ಮೇಲೆ ಹೊದಿಸಿದೆ. ಹೊರಗೆ ನೀನು ಇನ್ನೂ ಉಂಡಿರಲಿಲ್ಲ.

ಮಧ್ಯಾಹ್ನ ಕಟ್ಟೆಯ ಮೇಲೆ ಬಜಾರದ ಹಿರಿಯರು ಕೂಡಿದರು. ಹಳ್ಳ ತುಂಬಿದಾಗ ದಾಟಿಸು ಎಂದು ಯಾವ ಹುಚ್ಚನಾದರೂ ಹೇಳುತ್ತಾನೆಯೇ ಎಂದು ಸಾವಕಾರರು ಎಲ್ಲರನ್ನೂ ಕೇಳಿದರು. ನೀನು ಎದ್ದು ನಿಂತು, ಹೇಳಿದ್ದಾರೆ, ಗುರಣ್ಣನೂ ಕೇಳಿದ್ದಾನೆ ಎಂದೆ. ದನಿ ಏರಿಸಲಿಲ್ಲ. ನಿಜಾಮ ಹೋದ ಮೇಲೆ ನಿನ್ನಂಥವರು ಬಜಾರದಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದ ವರ್ಷಗಳು ಅವು. ನಿನ್ನ ಪರವಾಗಿ ಬೇರೆ ಯಾರೂ ಬಾಯಿ ತೆಗೆಯಲಾರರು ಎಂಬುದು ನನಗೆ ಗೊತ್ತಿತ್ತು. ಗೊತ್ತಿತ್ತು, ಮಾಮಾ.

ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಕೊರಳಿನ ಲಿಂಗ ಮುಟ್ಟಿ ಖರೆ ಹೇಳು ಎಂದರು. ನನ್ನ ಕೈ ಎದೆಯ ಕಡೆಗೆ ಹೋಯಿತು. ಮುಟ್ಟಿದ್ದರೆ ನನ್ನಿಂದ ಸುಳ್ಳು ಹೇಳುವುದು ಆಗುತ್ತಿರಲಿಲ್ಲ — ಇದೊಂದನ್ನು ನಂಬು. ಅಷ್ಟರಲ್ಲಿ ನೀನೇ ಅಡ್ಡ ಬಂದೆ.

“ಲಿಂಗ ಮುಟ್ಟಸಬ್ಯಾಡ್ರಿ. ಗುರಣ್ಣನ ಮಾತ ಸಾಕು ನನಗ.”

ನನ್ನ ಕೈ ಕೆಳಗಿಳಿಯಿತು. ನಾನು ಹೇಳಿದೆ, “ನನಗ ಕೇಳಿಸಲಿಲ್ರಿ. ಲಾರಿ ಸಪ್ಪಳ ಇತ್ತು.”

ಸಾವಕಾರರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ನೀನು ನನ್ನನ್ನೇ ನೋಡಿದೆ. ಲಾರಿ ಚಾಲೂ ಆಗಿರಲಿಲ್ಲ, ಹ್ಯಾಂಡಲ್ ನಿನ್ನ ಕೈಯಲ್ಲೇ ಇತ್ತು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಹಿರಿಯರು ಮತ್ತೆ ನನ್ನನ್ನು ಕೆದಕುತ್ತಿದ್ದರು. ನೀನು ಹಿರಿಯರ ಕಡೆ ತಿರುಗಿ, “ಹೌದ್ರಿ, ಸಪ್ಪಳ ಭಾಳ ಇತ್ತು” ಎಂದೆ. ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯಿಂದ ಇಳಿದು ಹೋದೆ. ಅದು ನನ್ನ ಮೇಲಿನ ಕನಿಕರವೋ, ಮುಖಕ್ಕೆ ಉಗುಳಿದ್ದೋ — ಇವತ್ತಿಗೂ ತಿಳಿದಿಲ್ಲ.

ಅವತ್ತಿನಿಂದ ನೀನು ಲಾರಿ ಮುಳುಗಿಸಿದ ಡ್ರೈವರ್ ಆದೆ. ಸಿಂಧನೂರಿನಲ್ಲಿ, ಲಿಂಗಸುಗೂರಿನಲ್ಲಿ ಯಾರೂ ನಿನ್ನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಮಸ್ಕಿಗೆ ಹೋಗಿ ಕಟ್ಟಿಗೆ ಅಡ್ಡೆಯಲ್ಲಿ ಕೊಡಲಿ ಹಿಡಿದೆ. ನಾನು? ಸಾವಕಾರರು ಆ ಮಧ್ಯಾಹ್ನದ ಊಟದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ವಾರ ಕಳೆಯುವುದರೊಳಗೆ ನಾನು ಮತ್ತೆ ‘ಲೇ ಗುರ್ಯಾ’ ಆದೆ. ಹೇಳಿದ್ದನ್ನು ಹೇಳಿಲ್ಲ ಎನ್ನುವುದೂ ನಿಲ್ಲಲಿಲ್ಲ. ನನ್ನ ಬೆನ್ನ ಹಿಂದೆ ಹಗ್ಗ ಹಿಡಿದು ನಿಲ್ಲುವವರು ಈಗ ಯಾರೂ ಇರಲಿಲ್ಲ.

ಮುಂದೊಂದು ಮಳೆಗಾಲದಲ್ಲಿ ನಿನ್ನನ್ನು ಆ ಹಳ್ಳದ ದಂಡೆಯಲ್ಲೇ ಕಂಡೆ. ಕಟ್ಟಿಗೆ ಹೊರೆ ಇಳಿಸಿ ನಿಂತು, ನೀರಿಗೆ ಎತ್ತು ಹೊಡೆಯುತ್ತಿದ್ದ ಒಬ್ಬ ಗಾಡಿಯವನಿಗೆ ಬೇಡವೆಂದು ಕೈ ಅಡ್ಡ ಮಾಡುತ್ತಿದ್ದೆ. ಲಾರಿ ಮುಳುಗಿಸಿದವ ನಮಗ ನೀರಿನ ಮಾತು ಹೇಳ್ತಾನ ಎಂದು ಅವನು ಪಕ್ಕದವನ ಕಡೆ ನೋಡಿ ನಕ್ಕ. ನಾನು ಹಿಂದಿನ ಗಾಡಿಯಲ್ಲೇ ಇದ್ದೆ. ಇದೂ ನನ್ನ ಕಿವಿಗೆ ಬಿತ್ತು. ತಲೆಗೆ ಸುತ್ತಿದ ವಸ್ತ್ರ ಮುಖದ ಮೇಲೆ ಎಳೆದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಹೀಗೇ ಸಾಯುವವರೆಗೂ ನುಂಗಿಕೊಂಡು ಇರುತ್ತಿದ್ದೆ. ಮೊನ್ನೆ ಅಂಗಡಿಗೆ ಕಾಲುವೆ ಕೆಲಸದ ಮೇಸ್ತ್ರಿಯೊಬ್ಬ ಬಂದ. ನಮ್ಮೂರಿನ ಹತ್ತಿರ ಹೊಸ ಕಾಲುವೆ ತೋಡುತ್ತಿದ್ದಾರೆ, ಮಣ್ಣು ಸಾಗಿಸುವ ಲಾರಿಗೆ ಡ್ರೈವರ್ ಬೇಕಾಗಿದೆ. ಮಸ್ಕಿಯಿಂದ ಲಾಲಸಾಬ ಎಂಬುವನು ಕೇಳಿಕೊಂಡು ಬಂದಿದ್ದಾನೆ, ಮನುಷ್ಯ ಹೇಗೆ ಎಂದು ವಿಚಾರಿಸಿದ. ಸಾವಕಾರರು ಗಾದಿಯ ಮೇಲಿಂದ ಅಲುಗದೆ, ನಮ್ಮ ಗುರಣ್ಣನ್ನ ಕೇಳು, ಅವನೇ ಲಾರಿಯಲ್ಲಿದ್ದವ ಎಂದರು. ಮತ್ತೆ ‘ಗುರಣ್ಣ’. ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿತ್ತು, ಮಾಮಾ. ಬಾಯಿ ತೆಗೆದೆ.

“ಚಲೋ ಮನುಷ್ಯಾರೀ, ಆದರ —”

ಅಲ್ಲಿಗೆ ನಿಂತೆ. ಮುಂದೆ ಹೇಳುವ ಅಗತ್ಯವೂ ಬೀಳಲಿಲ್ಲ. ಮೇಸ್ತ್ರಿ ತಲೆಯಾಡಿಸಿ, ಸರಿ ಬಿಡ್ರಿ, ತಿಳೀತು ಎಂದು ಎದ್ದು ಹೋದ. ಕಟ್ಟೆಯ ಮೇಲೆ ಹೇಳಿದ್ದು ಹೆದರಿದ ಬಾಯಿಯ ಸುಳ್ಳು ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಮೊನ್ನೆ ನನ್ನನ್ನು ಯಾರೂ ಹೆದರಿಸಿರಲಿಲ್ಲ. ಆ ರಾತ್ರಿ ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು.

ಇವತ್ತು ಬೆಳಿಗ್ಗೆ ವಳಕಮದಿನ್ನಿಯ ಕಡೆ ನಡೆದು, ಕಾಲುವೆಯ ಮೇಲೆ ಆ ಮೇಸ್ತ್ರಿಯನ್ನು ಹುಡುಕಿ ನಡೆದದ್ದನ್ನೆಲ್ಲ ಹೇಳಿದೆ. ಡ್ರೈವರ್ ಸಿಕ್ಕಿಬಿಟ್ಟನಲ್ಲ, ಮೊನ್ನೆಯೇ ಹೇಳಬಾರದಿತ್ತೇ ಎಂದ. ನಿನ್ನ ಆ ಕೆಲಸ ಹೋಯಿತು, ಮಾಮಾ, ಎರಡನೆಯ ಸಲ. ನಾಳೆ ಸಂತೆ. ಅದೇ ಕಟ್ಟೆಯ ಮೇಲೆ ಅದೇ ಹಿರಿಯರು ಕೂಡುತ್ತಾರೆ. ಈ ಸಲ ಯಾರೂ ಹೇಳದಿದ್ದರೂ ಲಿಂಗ ಕೈಯಲ್ಲಿ ಹಿಡಿದೇ ಮಾತಾಡುತ್ತೇನೆ. ನೀನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವ ಬಾಯಿ ನನ್ನದಲ್ಲ.

ಬೆನ್ನ ಹಿಂದೆ ಮಾಡಿದ್ದು ಸಾಕೆನಿಸಿ ಸಂಜೆ ಸಾವಕಾರರಿಗೂ ತಿಳಿಸಿದೆ — ನಾಳೆ ಕಟ್ಟೆಯ ಮೇಲೆ ಲಾಲಸಾಬನ ಮಾತು ತೆಗೆಯುವವನಿದ್ದೇನೆ ಎಂದು. ಅವರು ಒಳಗಿನ ಬಾಗಿಲ ಕಡೆ ಕೈ ತೋರಿಸಿದರು.

“ಗುರಣ್ಣಾ, ಉಂಡಿಯೇನು?”

ಇಲ್ರಿ ಎಂದೆ. ಅಂಗಡಿಯ ಕೀಲಿ ಗಾದಿಯ ಮೇಲಿಟ್ಟು, ಉಣ್ಣದೆ ಹೊರಗೆ ಬಂದೆ.