ನೀರಿಗೊಂದು ಪ್ರೂಫ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಮಿಳು ಸೀಮೆಯ ಅನ್ನೂರು ಕಡೆಯ ಒಂದು ತೋಟದಲ್ಲಿ, ಬಾವಿಯ ಕಟ್ಟೆಯ ಮೇಲೆ ರಾಮಾತಾಳ್ ಕಾಲೂರಿ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಎರಡು ಕೈಯಲ್ಲೂ ಹಗ್ಗ. ಹಗ್ಗದ ಆ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಅವರ ಗಂಡ ಲಿಂಗಸಾಮಿ ಆಗಲೇ ನೀರಿನೊಳಗೆ ಮುಳುಗಿದ್ದಾರೆ. ತೋಟದ ಯಜಮಾನ ಸೋಮಸುಂದರಂ ನಿನ್ನೆ ಸಂಜೆ ಮೋಟಾರಿನ ಪೈಪು ಬಿಗಿಯಲು ಹೋಗಿ ಬೆರಳಿನ ಉಂಗುರವನ್ನು ಬಾವಿಗೆ ಕೊಟ್ಟುಬಿಟ್ಟಿದ್ದಾರೆ. ಅದು ಮಾವ ಹಾಕಿದ ಉಂಗುರ. ಹಾಗಾಗಿ ಮನೆಯಲ್ಲಿ ಯಾರೂ ಅವರ ಜೊತೆ ಮಾತಾಡುತ್ತಿಲ್ಲ.

"ಸಿಕ್ಕಿತೇನಮ್ಮಾ?" ಸೋಮಸುಂದರಂ ಕಟ್ಟೆಯ ಸುತ್ತ ತಿರುಗುತ್ತ ಕೇಳುತ್ತಾರೆ.

"ನಾನು ಮೇಲಿದೀನಿ, ನನಗೆ ಹೇಗೆ ಗೊತ್ತಾಗುತ್ತೆ? ಸಿಕ್ಕಿದ್ರೂ ಅವರೇ ಬರ್ತಾರೆ, ಸಿಗದಿದ್ರೂ ಅವರೇ ಬರ್ತಾರೆ. ನೀವು ಸ್ವಲ್ಪ ಸುಮ್ಮನಿರಿ ಸಾಮಿ, ನಿಮ್ಮ ಮಾತಲ್ಲಿ ನನಗೆ ಗುಳ್ಳೆ ಕಾಣ್ತಿಲ್ಲ."

ಇದು ತಮಿಳಿನಲ್ಲಿ ಹೇಳಿದ್ದು. ಮರುಕ್ಷಣವೇ ಬಾವಿಯೊಳಕ್ಕೆ ಬಗ್ಗಿ ಕನ್ನಡದಲ್ಲಿ ಕೂಗುತ್ತಾರೆ, "ಏನುಂಗ, ಆ ಪೈಪಿನ ಬುಡ ನೋಡಿ!" ಅವರ ಮನೆಯ ಕನ್ನಡದಲ್ಲಿ 'ಏನ್ರೀ' ಎಂಬುದು 'ಏನುಂಗ'. ನೀರೊಳಗಿರುವ ಗಂಡನಿಗೆ ಕೇಳಿಸುವುದಿಲ್ಲ ಎಂದು ಅವರಿಗೂ ಗೊತ್ತು. ತಮಿಳು ಮೇಲಿನವರಿಗೆ, ಕನ್ನಡ ಕೆಳಗಿನವರಿಗೆ. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ.

ರಾಮಾತಾಳ್ ಸೊಂಟದಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ಚೀಲವೊಂದು ತೂಗುತ್ತಿದೆ. ಅಂಗೈಯಗಲದ್ದು, ಒಂದು ಮಗ್ಗುಲಿಗೆ ಒಳಗಿನದು ಕಾಣುವಂಥ ಕಿಟಕಿ. ಆ ಕಿಟಕಿಯನ್ನು ಅವರು ಸೀರೆಯ ಕಡೆಗೆ ತಿರುಗಿಸಿ ಕಟ್ಟಿಕೊಂಡಿದ್ದಾರೆ. ಗಿಡಗಳಿಗೆ ನೀರು ಹಾಯಿಸಲು ಬಂದ ಆಳು ಚೀಲವನ್ನು ಕಂಡವನೇ ತಲೆ ನೀವಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾನೆ. ಅದು ಯಾವ ಚೀಲ ಎಂಬುದು ಅವಿನಾಶಿಯಿಂದ ಅನ್ನೂರಿನವರೆಗೆ ಎಲ್ಲರಿಗೂ ಗೊತ್ತು.

ಈ ಗಂಡಹೆಂಡತಿಯ ಮನೆ ತುಡಿಯಲೂರಿನ ನೇಕಾರರ ಬೀದಿಯಲ್ಲಿ. ಯಾವ ಕಾಲದಲ್ಲೋ ಮೈಸೂರು ಕಡೆಯಿಂದ ಬಂದ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದಲ್ಲಿ ಜಗಳವಾಡಲು ಬರುತ್ತದೆ, ಓದಲು ಬರುವುದಿಲ್ಲ.

"ನಮ್ಮ ಮಾವ ಗುಂಡಿ ಮಗ್ಗದಲ್ಲಿ ಕೂತು ನೇಯೋರು. ಅವರ ಕಾಲು ಮಾತ್ರ ಗುಂಡಿಯೊಳಗೆ ಇರ್ತಿತ್ತು. ಇವರು ಮೈಯನ್ನೆಲ್ಲ ಇಳಿಸಿಬಿಟ್ರು" ಎಂದು ರಾಮಾತಾಳ್ ನಗುತ್ತಾರೆ.

ಮಗ್ಗ ನಿಂತ ಮೇಲೆ ಲಿಂಗಸಾಮಿ ತೋಟದ ಬಾವಿಗಳಿಗೆ ಇಳಿಯತೊಡಗಿದರು. ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರು ಬಾವಿ, ಮಳೆ ಹಿಡಿದರೆ ವಾರಕ್ಕೊಂದು. ಬಿಂದಿಗೆ, ಬಕೆಟ್ಟು, ಪೈಪಿನ ವಾಲ್ವು, ಮೊಬೈಲು, ಒಮ್ಮೆ ಒಂದು ಇಡೀ ಮೊಪೆಡ್ಡು. ಮೊಪೆಡ್ಡು ಅಲ್ಲಿಗೆ ಹೇಗೆ ಹೋಯಿತೆಂದು ಅವರು ಕೇಳಲೂ ಇಲ್ಲ, ಕೇಳಿದವರಿಗೆ ಹೇಳಲೂ ಇಲ್ಲ. ಮಾತು ಕಡಿಮೆ. ಉಸಿರು ಉಳಿಸಿ ಉಳಿಸಿ ಅದೇ ಅಭ್ಯಾಸವಾಗಿದೆ. ಅವರು ಉಳಿಸಿದ ಮಾತನ್ನೆಲ್ಲ ಖರ್ಚು ಮಾಡುವುದು ಹೆಂಡತಿ.

ಮುಳುಗುವವರ ಹೆಸರು ಎಲ್ಲ ತೋಟಕ್ಕೂ ಗೊತ್ತು. ಹಗ್ಗ ಹಿಡಿಯುವವರದ್ದು ಯಾರಿಗೂ ಗೊತ್ತಿಲ್ಲ. "ಲಿಂಗಸಾಮಿ ಬಂದ್ರಾ, ಹಗ್ಗ ಬಂತಾ ಅಂತ ಕೇಳ್ತಾರೆ. ನಾನೇ ಹಗ್ಗ" ಎನ್ನುತ್ತಾರೆ ರಾಮಾತಾಳ್. ಗುಳ್ಳೆ ಒಂದೇ ಕಡೆ ಏಳುತ್ತಿದ್ದರೆ ಗಂಡ ಏನನ್ನೋ ಬಿಡಿಸುತ್ತಿದ್ದಾರೆ, ಗುಳ್ಳೆ ನಡೆದಾಡಿದರೆ ಹುಡುಕುತ್ತಿದ್ದಾರೆ, ಗುಳ್ಳೆಯೇ ನಿಂತರೆ ಹಗ್ಗ ಎಳೆಯಬೇಕು. ಅವರಿಗೆ ಬೇಕಾದ ಲೆಕ್ಕ ಇಷ್ಟೇ.

ಈ ಕೆಲಸದಲ್ಲೊಂದು ರೂಢಿಯಿದೆ. ಮೇಲೆ ಹತ್ತುವಾಗ ಎರಡು ಕೈಯಲ್ಲೂ ಕಲ್ಲು ಹಿಡಿಯಬೇಕು. ಆದ್ದರಿಂದ ಓಲೆ, ಮೂಗುತಿಯಂಥ ಚಿಕ್ಕ ವಸ್ತು ಸಿಕ್ಕರೆ ಬಾಯೊಳಗೆ ಇಟ್ಟುಕೊಳ್ಳುತ್ತಾರೆ. ಇದು ತೋಟದವರಿಗೂ ಗೊತ್ತು. ಹಾಗಾಗಿ ಬರಿಗೈಯಲ್ಲಿ ಬಂದ ದಿನ ಮೊದಲು ಕಿವಿಗೆ ಬೀಳುವ ಮಾತು, "ವಾಯ ತೊರ." ಬಾಯಿ ತೆಗಿ.

"ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡ್ತಾರೆ. ಒಬ್ಬರಂತೂ ನಾಲಿಗೆ ಎತ್ತು ಅಂದ್ರು. ಚಳಿಯಾಗ್ತಿದೆಯಾ ಅಂತ ಯಾರೂ ಕೇಳಲ್ಲ. ನಡುಗೋ ಬಾಯನ್ನೇ ತೆಗಿ ಅಂತಾರೆ."

ಹೋದ ವರ್ಷ, 2008ರ ಬೇಸಿಗೆಯಲ್ಲಿ, ಅದು ಬಾಯಿಗಷ್ಟೇ ನಿಲ್ಲಲಿಲ್ಲ. ಅವಿನಾಶಿ ಹತ್ತಿರ ಕುಪ್ಪಸಾಮಿಯವರ ತೋಟ. ಅವರ ಹೆಂಡತಿ ವಳ್ಳಿಯಮ್ಮನ ಚಿನ್ನದ ಚೈನು ಕಾಣೆಯಾಗಿತ್ತು. ನೀರು ಸೇದುವಾಗಲೇ ಬಿದ್ದಿರಬೇಕು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದರು. ಲಿಂಗಸಾಮಿ ಮತ್ತೆ ಮತ್ತೆ ಮುಳುಗಿದರು, ಬರಿಗೈಯಲ್ಲಿ ಬಂದರು, ಬಾಯಿ ತೆಗೆದರು. ಕುಪ್ಪಸಾಮಿಗೆ ಸಮಾಧಾನವಾಗಲಿಲ್ಲ. "ನುಂಗಿರಬೇಕು" ಎಂದು ಒಂದು ಚಿಪ್ಪು ಬಾಳೆಹಣ್ಣು ತರಿಸಿ, ಅಷ್ಟನ್ನೂ ತಿನ್ನಿಸಿ, ಮಾರನೆಯ ದಿನ ಬೆಳಗಾಗುವವರೆಗೆ ತೋಟದಲ್ಲೇ ಕೂರಿಸಿದರು. ಬೆಳಿಗ್ಗೆ ಬಯಲ ಕಡೆಗೆ ಹೊರಟಾಗ ಕಾವಲಿಗೆ ಒಬ್ಬನನ್ನು ಹಿಂದೆ ಹಿಂದೆಯೇ ಕಳಿಸಿದರು.

ಬೆಳಿಗ್ಗೆಯೂ ಚೈನು ಬರಲಿಲ್ಲ. ಆದರೆ ಸುದ್ದಿ ಹೊರಟುಹೋಯಿತು. 'ಚೈನು ನುಂಗಿದ ಲಿಂಗಸಾಮಿ' ಎಂಬ ಹೆಸರು ಅವರಿಗಿಂತ ಮೊದಲೇ ಪ್ರತಿ ತೋಟಕ್ಕೂ ತಲುಪುತ್ತಿತ್ತು. ಕರೆಯುವವರು ನಿಂತರು. ಹಗ್ಗ ಗೂಟಕ್ಕೆ ತೂಗಿಬಿದ್ದಿತು. ಲಿಂಗಸಾಮಿ ಬಾಳೆಹಣ್ಣು ಬಿಟ್ಟರು, ಇವತ್ತಿಗೂ ಮುಟ್ಟುವುದಿಲ್ಲ.

ರಾಮಾತಾಳ್ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇರುವ ಹುಡುಗಿ ಪ್ರಕೃತಿ. ಚಿತ್ರದುರ್ಗದವಳು, ಶರವಣಂಪಟ್ಟಿಯಲ್ಲಿ ಕಂಪ್ಯೂಟರ್ ಕೆಲಸ. ಒಂದು ದಿನ ಅವಳು ಮೊಬೈಲಿನಲ್ಲಿ ಬೀದಿಯ ನಾಯಿಮರಿಯ ವೀಡಿಯೋ ತೋರಿಸಿದಾಗ ರಾಮಾತಾಳ್ ತಲೆಯಲ್ಲಿ ದೀಪ ಹತ್ತಿತು.

"ಇದನ್ನ ಕೇಣಿಗೆ ಇಳಿಸಿದ್ರೆ ಅಲ್ಲೂ ಪಡಂ ಹಿಡಿಯುತ್ತಾ, ಕಣ್ಣು?"

ಕೇಣಿ ಎಂದರೆ ಬಾವಿ, ಪಡಂ ಎಂದರೆ ಚಿತ್ರ, ಕಣ್ಣು ಎಂದರೆ ಮುದ್ದಿನ ಕರೆ ಎಂಬಷ್ಟನ್ನು ಪ್ರಕೃತಿ ಆಗಲೇ ಕಲಿತಿದ್ದಳು. "ಅಯ್ಯೋ ಆಂಟಿ, ಹಾಳಾಗುತ್ತೆ. ಅದಕ್ಕೆ ವಾಟರ್‌ಪ್ರೂಫ್ ಇರೋದು ಬೇಕು" ಎಂದಳು.

ರಾಮಾತಾಳ್ ಮುಖ ಅರಳಿತು. ಪ್ರೂಫ್ ಅವರಿಗೆ ಹೊಸ ಮಾತಲ್ಲ. ಸಿಮ್ ಕಾರ್ಡಿಗೆ ಅಡ್ರೆಸ್ ಪ್ರೂಫ್, ಗ್ಯಾಸಿಗೆ ಇನ್ನೊಂದು ಪ್ರೂಫ್. ಅಡ್ರೆಸ್ಸಿಗೆ ಇರುವಂತೆ ನೀರಿಗೂ ಪ್ರೂಫ್ ಇದೆಯೆಂದು ಯಾರೂ ಇಷ್ಟು ದಿನ ಹೇಳಿರಲಿಲ್ಲ. "ಅದೇ ಬೇಕು ನೋಡು! ಕೇಣಿಯೊಳಗೆ ಏನಿತ್ತು, ಏನಿರಲಿಲ್ಲ, ಅದಕ್ಕೆ ಪ್ರೂಫ್!"

"ಹಾಗಲ್ಲ ಆಂಟಿ. ಪ್ರೂಫ್ ಅಂದ್ರೆ ನೀರು ಒಳಗೆ ಹೋಗಲ್ಲ ಅಂತ."

"ನೀರು ಒಳಗೆ ಹೋಗೋದು ಬೇಡ. ಇವರು ಹೋಗ್ತಾರೆ."

ಪ್ರಕೃತಿ ಕ್ಯಾಮೆರಾ ಅಂಗಡಿಯೊಂದರ ವಿಳಾಸ ಬರೆದುಕೊಂಡಳು.

ಗಾಂಧಿಪುರದ ಕ್ಯಾಮೆರಾ ಅಂಗಡಿಗೆ ಮೂವರೂ ಹೋದರು. ಅಂಗಡಿಯ ಮೋಹನ್‌ರಾಜ್ ಮೊದಲು ತೋರಿಸಿದ್ದು ನೀರಿಗೆಂದೇ ಮಾಡಿದ ವಿದೇಶಿ ಕ್ಯಾಮೆರಾ. ಬೆಲೆ ಕೇಳಿ ರಾಮಾತಾಳ್ ಮನಸ್ಸಿನಲ್ಲೇ ಗುಣಿಸಿದರು. ಆ ದುಡ್ಡಿಗೆ ಹಾಲು ಕರೆಯುವ ಎಮ್ಮೆ ಬರುತ್ತದೆ, ಕರುವಿನ ಸಮೇತ. "ಇದು ಎಮ್ಮೆ" ಎಂದು ಪಕ್ಕಕ್ಕೆ ಸರಿಸಿದರು. ಎರಡನೆಯದು ಟೇಪು ಹಾಕುವ ಕ್ಯಾಮೆರಾ, ನೀರಿಗಿಳಿಸಲು ಗಾಜಿನ ಪೆಟ್ಟಿಗೆ ಬೇರೆ. ಪೆಟ್ಟಿಗೆಯ ಬೆಲೆ ಕ್ಯಾಮೆರಾಕ್ಕಿಂತ ಹೆಚ್ಚು. "ಇದು ಆಡು. ಆಡಿಗಿಂತ ಹಗ್ಗವೇ ದುಬಾರಿ." ಮೂರನೆಯದು ಜೇಬಿನಲ್ಲಿ ಹಿಡಿಸುವ ಪುಟ್ಟ ವೀಡಿಯೋ ಕ್ಯಾಮೆರಾ. ಟೇಪಿಲ್ಲ, ಉಗುರಿನಷ್ಟು ಒಂದು ಕಾರ್ಡು, ಬೆನ್ನಿಗೊಂದು ದೊಡ್ಡ ಕೆಂಪು ಬಟನ್ನು. ನೀರಿಗೆ ಆಗುವುದಿಲ್ಲ. ಆದರೆ ಹಳದಿ ಚೀಲವೊಂದನ್ನು ಬೇರೆಯಾಗಿ ಕೊಂಡು ಅದರೊಳಗಿಟ್ಟು ಬಾಯಿ ಬಿಗಿದರೆ ಆಗುತ್ತದೆ. ಎರಡೂ ಸೇರಿ ಒಂದು ಬುಟ್ಟಿ ನಾಟಿ ಕೋಳಿಯ ಬೆಲೆ.

"ಇನ್ನೊಂದು ಚೀಲ ಇದೆ ಅಕ್ಕಾ, ಕೈ ಬಿಟ್ರೂ ತೇಲುತ್ತೆ" ಎಂದ ಮೋಹನ್‌ರಾಜ್ ಹೆಮ್ಮೆಯಿಂದ.

ಅಷ್ಟು ಹೊತ್ತೂ ಸುಮ್ಮನಿದ್ದ ಲಿಂಗಸಾಮಿ ಬಾಯಿಬಿಟ್ಟರು. "ನಾನು ಕೆಳಗೆ, ಅದು ಮೇಲೆ. ಪಡಂ ಯಾರು ಹಿಡಿಯೋದು?"

ರಾಮಾತಾಳ್ ಮನೆಯಿಂದ ತೂಕ್ಕುಪೋಸಿಯಲ್ಲಿ ಬಾವಿಯ ನೀರು ತಂದಿದ್ದರು. ಹಿಡಿಯಿರುವ ಆ ಪುಟ್ಟ ಪಾತ್ರೆಗೆ ತಮ್ಮ ಮೂಗುತಿ ಬಿಚ್ಚಿ ಹಾಕಿ, ಕೌಂಟರಿನ ಕೆಳಗಿನ ಕತ್ತಲಲ್ಲಿಟ್ಟು, "ಈಗ ಪಡಂ ಹಿಡಿ" ಎಂದರು. ಮೋಹನ್‌ರಾಜ್ ಮಂಡಿಯೂರಿ ಕೂತ. ಟೇಪಿನ ಕ್ಯಾಮೆರಾದಲ್ಲಿ ಬರೀ ಕಪ್ಪು. ಕೋಳಿ ಕ್ಯಾಮೆರಾದಲ್ಲಿ ಒಂದು ಚುಕ್ಕಿ ಮಿಣುಕಿತು. ವ್ಯಾಪಾರ ಮುಗಿಯಿತು. ಹೊರಡುವಾಗ ಲಿಂಗಸಾಮಿಯೇ ಕೈ ಹಾಕಿ ಮೂಗುತಿಯನ್ನು ಎತ್ತಿಕೊಟ್ಟರು. ಬಾಯಿ ತೆಗಿ ಎಂದು ಯಾರೂ ಹೇಳಲಿಲ್ಲ.

ಆದರೂ ಚೀಲದ ಮೇಲೆ ರಾಮಾತಾಳ್‌ಗೆ ನಂಬಿಕೆ ಬರಲಿಲ್ಲ. ಒಂದು ಅಪ್ಪಳ ಕರಿದು ಅದರೊಳಗೆ ಹಾಕಿ, ಬಾಯಿ ಬಿಗಿದು, ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟರು. ಬೆಳಿಗ್ಗೆ ಎತ್ತಿದರೆ ಅಪ್ಪಳ ಪುಡಿಪುಡಿ. "ಹೋಯ್ತು" ಎಂದರು ಗಂಡ. ರಾಮಾತಾಳ್ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು. ಕರುಂ ಎಂದಿತು.

"ಮುರಿದಿದೆ, ಆದ್ರೆ ತೇವಕ್ಕೆ ಮೆತ್ತಗಾಗಿಲ್ಲ. ಚೀಲ ಒಳ್ಳೇದು. ನೀರು ಹಿಂಡಿದೆ ಅಷ್ಟೇ."

ಮೊದಲ ಪ್ರಯೋಗ ಮನೆಯ ಹಿಂದಿನ ಬಾವಿಯಲ್ಲಿ. ಲಿಂಗಸಾಮಿ ಮೇಲೆಯೇ ಕೆಂಪು ಬಟನ್ನು ಒತ್ತಿ ಮುಳುಗಿ ಬಂದರು. ಪ್ರಕೃತಿ ಹಾಕಿ ನೋಡಿದರೆ ಮೆಟ್ಟಿಲು, ಪಾಚಿ, ಒಂದು ಕಪ್ಪೆ. ತಳ ಬರುವ ಮೊದಲೇ ಚಿತ್ರ ನಿಂತಿದೆ. ಮತ್ತೊಮ್ಮೆ ಮುಳುಗಿದರು. ಮತ್ತೆ ಅದೇ ಕಪ್ಪೆ, ಅಲ್ಲಿಗೇ ನಿಂತಿತು.

"ನಿಮ್ಮ ಕೈ ತಗುಲಿರಬೇಕು ಅಂಕಲ್" ಎಂದಳು ಪ್ರಕೃತಿ. ಲಿಂಗಸಾಮಿ ತಲೆಯಾಡಿಸಿದರು, ಇಲ್ಲ.

ರಾಮಾತಾಳ್ ಚೀಲವನ್ನೇ ನೋಡುತ್ತ ಕೂತರು. "ಅಪ್ಪಳ ಪುಡಿ ಮಾಡಿದ್ದು ಯಾರೋ, ಬಟನ್ ಒತ್ತಿದ್ದೂ ಅವರೇ. ಕೆಳಗೆ ಹೋದ ಕೂಡಲೇ ನೀರು ಚೀಲ ಹಿಂಡುತ್ತೆ, ಬಟನ್ ಅಮುಕುತ್ತೆ, ಆಫ್ ಆಗುತ್ತೆ. ಹಾಗಾದ್ರೆ ನೀವು ಮೇಲೆ ಒತ್ತಲೇಬೇಡಿ. ಕ್ಯಾಮೆರಾ ರೆಡಿ ಮಾಡಿ ಸುಮ್ಮನೆ ಇಳೀರಿ. ನೀರೇ ಒತ್ತಲಿ."

ನೀರೇ ಒತ್ತಿತು. ಸರಿಯಾಗಿ ತಳದಲ್ಲಿ.

ಮುಂದಿನ ಭಾನುವಾರ, ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ, ಯಾರೂ ಕರೆಯದಿದ್ದರೂ, ಪ್ರಕೃತಿಯನ್ನೂ ಜೊತೆಗೆ ಕರೆದುಕೊಂಡು ಕುಪ್ಪಸಾಮಿಯವರ ತೋಟಕ್ಕೆ ಹೋದರು. "ಇನ್ನೊಂದು ಸಲ ಇಳೀತಾರೆ. ಈ ಸಲ ಪ್ರೂಫ್ ಸಮೇತ" ಎಂದು ರಾಮಾತಾಳ್ ಹಗ್ಗ ಬಿಚ್ಚಿದರು. ಲಿಂಗಸಾಮಿ ತಲೆಗೆ ಟಾರ್ಚು, ಮಣಿಕಟ್ಟಿಗೆ ಕ್ಯಾಮೆರಾದ ಚೀಲ ಕಟ್ಟಿಕೊಂಡು ಇಳಿದರು. ಉಸಿರು ಎಳೆದುಕೊಳ್ಳುತ್ತ, ಬರಿಗೈಯಲ್ಲೇ ಮೇಲೆ ಬಂದರು. ಕ್ಯಾಮೆರಾವನ್ನು ಕುಪ್ಪಸಾಮಿಯವರ ಮನೆಯ ಟೀವಿಗೆ ಪ್ರಕೃತಿ ವೈರು ಹಾಕಿ ಸೇರಿಸಿದಳು. ಅಕ್ಕಪಕ್ಕದ ತೋಟದವರೆಲ್ಲ ಚಾವಡಿ ತುಂಬಿದರು.

ಟೀವಿಯಲ್ಲಿ ಹಸಿರು ಕತ್ತಲೆ. ಟಾರ್ಚಿನ ಬೆಳಕು ಒಂದು ಗೇಣಿನಾಚೆ ಹೋಗುತ್ತಿಲ್ಲ. ಆ ಬೆಳಕಿನಲ್ಲಿ ಒಂದು ಕೈ ಕೆಸರನ್ನು ಮೆಲ್ಲಗೆ ಸವರುತ್ತಿದೆ, ಹುಡುಕುತ್ತಿದೆ. ರಾಮಾತಾಳ್ ಉಸಿರು ಹಿಡಿದು ನೋಡುತ್ತಿದ್ದರು. ಇಷ್ಟು ವರ್ಷ ಮೇಲೆ ನಿಂತವರು ತಳವನ್ನು ಕಂಡದ್ದು ಅದೇ ಮೊದಲು. "ಏನುಂಗ, ಇಷ್ಟು ಇರುಳಾ ಅಲ್ಲಿ?" ಎಂದು ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಕೇಳಿದರು.

ಆಮೇಲೆ ಒಂದು ಚಪ್ಪಲಿ ಬಂತು. ಒಂದು ಚೊಂಬು ಬಂತು. "ಅಯ್ಯೋ, ಅದು ನಮ್ಮ ಚೊಂಬು!" ವಳ್ಳಿಯಮ್ಮ ಕೂಗಿದರು. ಆಮೇಲೆ ಬಂದದ್ದು ಬಾಟಲಿ. ಅದರ ಪಕ್ಕ ಇನ್ನೊಂದು. ಬೆಳಕು ಸರಿದ ಹಾಗೆಲ್ಲ ಬಾಟಲಿಯೇ ಬಾಟಲಿ, ಬ್ರಾಂಡಿಯ ಬಾಟಲಿಗಳ ಒಂದು ಗುಡ್ಡೆ. ಕುಪ್ಪಸಾಮಿ ಕುಡಿತ ಬಿಟ್ಟು ಪಳನಿಗೆ ಹೋಗಿ ಮುಡಿ ಕೊಟ್ಟು ಬಂದು ಮೂರು ವರ್ಷವಾಗಿತ್ತು.

"ಹಳೇ ಕಾಲದ್ದು" ಎಂದರು ಕುಪ್ಪಸಾಮಿ.

"ಹಳೇದಾದ್ರೆ ಲೇಬಲ್ ಹೇಗೆ ಹೊಸದಾಗಿದೆ?" ವಳ್ಳಿಯಮ್ಮ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದರು.

ಕುಪ್ಪಸಾಮಿ ಟೀವಿ ಆರಿಸಲು ಎದ್ದರು. "ಕೂತ್ಕೊಳ್ಳಿ" ಎಂದರು ವಳ್ಳಿಯಮ್ಮ. ಕೂತರು.

ನೀರು ಒತ್ತಿದ ಬಟನ್ನನ್ನು ಯಾರೂ ಮತ್ತೆ ಒತ್ತಿರಲಿಲ್ಲವಲ್ಲ, ಹಾಗಾಗಿ ಚಿತ್ರ ನಿಂತಿರಲಿಲ್ಲ. ಲಿಂಗಸಾಮಿ ನೀರಿನಿಂದ ಮೇಲೆದ್ದರು, ಬಿಸಿಲು ಫಳ್ ಎಂದಿತು, ಟೀವಿಯೊಳಗಿಂದ ಕುಪ್ಪಸಾಮಿಯವರದೇ ದನಿ ಗಡುಸಾಗಿ ಬಂತು, "ವಾಯ ತೊರ!" ಮಣಿಕಟ್ಟಿನಲ್ಲಿದ್ದ ಕ್ಯಾಮೆರಾ ಆಗ ಲಿಂಗಸಾಮಿಯ ಮುಖದ ಕಡೆಗೇ ತಿರುಗಿತ್ತು. ಟೀವಿಯ ತುಂಬ ಒಂದು ಬಾಯಿ. ಹಲ್ಲು, ನಡುಗುವ ನಾಲಿಗೆ, ಅದರ ಹಿಂದೆ ಬರೀ ಖಾಲಿ. ಇಪ್ಪತ್ತು ಜನ ಕೂತು ಅದನ್ನು ನೋಡಿದರು. ಯಾರೂ ನಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ರಾಮಾತಾಳ್ ಗಂಡನನ್ನು ತರಾಟೆಗೆ ತೆಗೆದುಕೊಂಡರು. "ಬಾಟಲಿ ಇರೋದು ನಿಮಗೆ ಮೊದಲೇ ಗೊತ್ತಿತ್ತು ತಾನೇ? ಬಾಳೆಹಣ್ಣು ತಿಂತಾ ಕೂತಿದ್ರಲ್ಲ, ಅವತ್ತೇ ಹೇಳೋಕೆ ಏನಾಗಿತ್ತು? ನನಗಾದರೂ ಹೇಳಬಾರದಿತ್ತಾ?"

"ಕೇಣಿಗೆ ಹಾಕಿದ್ದು ಕೇಣಿಗೇ ಸೇರಿದ್ದು" ಎಂದರು ಲಿಂಗಸಾಮಿ.

ಚೈನು ಕೊನೆಗೆ ತಲೆದಿಂಬಿನ ಕವರಿನೊಳಗೆ ಸಿಕ್ಕಿತು. ವಳ್ಳಿಯಮ್ಮನೇ ತುಡಿಯಲೂರಿಗೆ ಬಂದು, ಬೀದಿಯವರಿಗೆಲ್ಲ ಕೇಳುವಂತೆ ಬಾಗಿಲಲ್ಲೇ ನಿಂತು ಹೇಳಿ ಹೋದರು. "ಸೇಬು ತಂದಿದ್ರು, ಬಾಳೆಹಣ್ಣು ತರಲಿಲ್ಲ. ಅಷ್ಟು ಬುದ್ಧಿ ಇದೆ" ಎನ್ನುತ್ತಾರೆ ರಾಮಾತಾಳ್.

ಅಂದಿನಿಂದ ಕರೆಗಳು ಮತ್ತೆ ಶುರುವಾಗಿವೆ. ಫೋನು ಮಾಡುವ ಗಂಡಸರು ಕೊನೆಗೊಂದು ಮಾತನ್ನು ದನಿ ತಗ್ಗಿಸಿ ಸೇರಿಸುತ್ತಾರೆ. "ಕ್ಯಾಮೆರಾ ಎಲ್ಲ ಬೇಡಮ್ಮಾ. ನಿಮ್ಮ ಮಾತೇ ಸಾಕು."

ಈಗ ಅನ್ನೂರಿನ ಬಾವಿಯಲ್ಲಿ ಗುಳ್ಳೆ ಮೆಟ್ಟಿಲ ಕಡೆಗೆ ನಡೆಯುತ್ತಿದೆ. ರಾಮಾತಾಳ್ ಹಗ್ಗ ಎಳೆದುಕೊಳ್ಳುತ್ತಾರೆ. ಲಿಂಗಸಾಮಿ ಮೇಲೆ ಬರುತ್ತಾರೆ, ತುಟಿ ನೀಲಿ, ಎರಡು ಕೈಯೂ ಖಾಲಿ. ಸಿಗಲಿಲ್ಲ ಎಂದು ತಲೆಯಾಡಿಸುತ್ತಾರೆ. ಸೋಮಸುಂದರಂ ಒಂದು ಹೆಜ್ಜೆ ಮುಂದೆ ಬರುತ್ತಾರೆ.

"ವಾಯ..." ಎಂದವರ ಕಣ್ಣು ಹಳದಿ ಚೀಲದ ಮೇಲೆ ಬೀಳುತ್ತದೆ. ಗಂಟಲು ಸರಿಮಾಡಿಕೊಳ್ಳುತ್ತಾರೆ. "ಬಾಯಿಗೆ... ಬಾಯಿಗೆ ಸ್ವಲ್ಪ ಬಿಸಿ ಟೀ ಹಾಕ್ಕೊಳ್ಳಿ ಲಿಂಗಸಾಮಿ. ಪಾಪ, ಚಳಿ. ಆಮೇಲೆ ಇನ್ನೊಂದು ಸಲ ನೋಡಿದ್ರಾಯ್ತು." ಟೀ ತರಲು ತಾವೇ ಮನೆಯ ಕಡೆ ಓಡುತ್ತಾರೆ.

ಅವರು ಮರೆಯಾದ ಮೇಲೆ ರಾಮಾತಾಳ್ ಚೀಲದ ಬಾಯಿ ಬಿಚ್ಚುತ್ತಾರೆ. ಕ್ಯಾಮೆರಾ ಮನೆಯಲ್ಲಿದೆ, ತೇವ ತಾಗದಿರಲೆಂದು ಅಕ್ಕಿಡಬ್ಬದೊಳಗೆ. ಚೀಲದಲ್ಲಿರುವುದು ಬೆಳಿಗ್ಗೆ ಕರಿದ ನಾಲ್ಕು ಪುಟ್ಟ ಅಪ್ಪಳ. ಒಂದನ್ನು ಮುರಿದು ನೋಡುತ್ತಾರೆ, ಗರಿಗರಿಯಾಗಿಯೇ ಇದೆ. ಲಿಂಗಸಾಮಿಯ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ, ಅವರು ಹಿಡಿದರೆ ಮೆತ್ತಗಾಗುತ್ತದೆ.

"ಏನುಂಗ, ಬಾಯಿ ತೆಗೀರಿ" ಎನ್ನುತ್ತಾರೆ ರಾಮಾತಾಳ್.

ಲಿಂಗಸಾಮಿ ತೆಗೆಯುತ್ತಾರೆ.