ಲಕ್ಕಲಕಟ್ಟಿಯ ವಿಮಾನದ ಸಾಹೇಬರು

ಎಡಗಡೆಯಿಂದ ಯಾರಾದರೂ ಕರೆದರೆ ಅವರು ಕತ್ತು ತಿರುಗಿಸುತ್ತಿರಲಿಲ್ಲ. ಹಿಮ್ಮಡಿಯಿಂದ ಹಿಡಿದು ಇಡೀ ಮೈಯನ್ನೇ ಆ ಕಡೆ ಹೊರಳಿಸಿ, ಎದುರೆದುರು ನಿಂತು ಮಾತಾಡುತ್ತಿದ್ದರು. ಕಾಲರಿನ ಮೇಲೆ, ಕತ್ತಿನ ಹಿಂದೆ, ಬೆರಳುದ್ದದ ಬಿಳಿಯ ಗಾಯದ ಗುರುತಿತ್ತು. ಗೊತ್ತಿಲ್ಲದವರು ಆ ತಿರುಗುವ ರೀತಿಯನ್ನು ದೊಡ್ಡಸ್ತಿಕೆ ಎಂದುಕೊಳ್ಳುತ್ತಿದ್ದರು. ಮೊದಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಗಜೇಂದ್ರಗಡದಲ್ಲಿ ರೋಣದ ರಸ್ತೆಗೆ ನನ್ನದೊಂದು ಗ್ಯಾರೇಜು. ನಮ್ಮಪ್ಪ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೆ ಸ್ಟೀಲು ಬಂದು ಆ ಕಸುಬು ಬಿದ್ದುಹೋದ ಮೇಲೆ ನಾನು ಟ್ರ್ಯಾಕ್ಟರು, ಜೀಪುಗಳ ರಿಪೇರಿ ಕಲಿತೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿರಬೇಕು, ಒಂದು ಮಧ್ಯಾಹ್ನ ಹಳೆಯ ಜೀಪೊಂದು ಕೆಮ್ಮುತ್ತ ಬಂದು ಅಂಗಳದಲ್ಲಿ ನಿಂತಿತು. ಇಳಿದವರಿಗೆ ಅರವತ್ತರ ಆಸುಪಾಸು. ತಲೆ ಪೂರ್ತಿ ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ.

"ಮಿಸ್ತ್ರಿ, ಇದು ಇಳಿಜಾರಿನ್ಯಾಗ ಚಲೋ ಓಡ್ತೈತಿ, ಏರಿನ್ಯಾಗ ಉಸರು ಬಿಡ್ತೈತಿ. ಪುರುಸೊತ್ತಾದಾಗ ನೋಡ್ರಿ" ಅಂದರು.

ಊರಿನ ಮಂದಿ ನನ್ನನ್ನು 'ಏ', 'ಬಾರೋ' ಎಂದೇ ಕರೆಯುತ್ತಿದ್ದರು. 'ನೋಡ್ರಿ' ಅಂದವರು ಅವರೇ ಮೊದಲು. ಆಮೇಲೆ ತಿಳಿಯಿತು, ಅವರು ಲಕ್ಕಲಕಟ್ಟಿಯ ಒಕ್ಕಲುತನದ ಮನೆಯವರು, ವಾಯುಪಡೆಯಲ್ಲಿ ಯುದ್ಧವಿಮಾನ ಹಾರಿಸಿದವರು, ಕೊನೆಗೆ ಹೊಸ ವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷೆ ಮಾಡುವ ಪೈಲಟ್ ಆಗಿದ್ದವರು. ನಿವೃತ್ತರಾಗಿ ಹೆಂಡತಿಯೊಂದಿಗೆ ಹುಟ್ಟಿದೂರಿಗೆ ಬಂದು ಸೂರ್ಯಕಾಂತಿ, ಕಡಲೆ ಬೆಳೆಯುತ್ತಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅವರ ಹೆಸರು ಯಾರಿಗೂ ಬೇಕಿರಲಿಲ್ಲ, ವಿಮಾನದ ಸಾಹೇಬ್ರು ಅಂದರೆ ಸಾಕಿತ್ತು.

ಜೀಪು ಒಂದೇ ದಿನದಲ್ಲಿ ಸರಿಹೋಯಿತು. ಸಾಹೇಬರು ಮಾತ್ರ ಆಮೇಲೂ ಬರುತ್ತಿದ್ದರು. ವಾರಕ್ಕೆರಡು ಸಲ ಬಂದು ನನ್ನ ಬೆಂಚಿನ ಮೇಲೆ ಕೂತು, ಸಕ್ಕರೆಯಿಲ್ಲದ ಅರ್ಧ ಕಪ್ ಚಹಾದ ಜೊತೆ ಎರಡು ಮಿರ್ಚಿ ಭಜಿ ತಿನ್ನುತ್ತಿದ್ದರು. ಹೊರಡುವ ಮುಂಚೆ ಜೀಪಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಗಾಲಿ ಮುಟ್ಟಿ ನೋಡುತ್ತಿದ್ದರು, ಲಕ್ಕಲಕಟ್ಟಿಯಿಂದ ಬಂದು ಹತ್ತೇ ನಿಮಿಷವಾಗಿದ್ದರೂ. ಪಕ್ಕದ ಚಹಾದಂಗಡಿಯವರು ನಗುತ್ತಿದ್ದರು. ಸಾಹೇಬರಿಗೆ ಸಿಟ್ಟು ಬರುತ್ತಿದ್ದುದು ಒಂದೇ ಮಾತಿಗೆ. ಯಾರಾದರೂ ಗಿರಾಕಿಗೆ ನಾನು "ನಡೀತೈತಿ ಒಯ್ರಿ" ಅಂದರೆ ಸಾಕು, ಬೆಂಚಿನಿಂದ ಇಡೀ ಮೈ ಹೊರಳುತ್ತಿತ್ತು. "ಎಲ್ಲೀತನಕ ನಡೀತೈತಿ? ಅದನ್ನ ಹೇಳ್ರಿ ಅವ್ರಿಗೆ."

ಒಂದು ಆಗಸ್ಟ್ ಹದಿನೈದಕ್ಕೆ ಊರಿನ ಹೈಸ್ಕೂಲಿನವರು ಅವರನ್ನು ಕರೆದರು. ನಾನೂ ಕೈಯ ಗ್ರೀಸು ತೊಳೆದುಕೊಂಡು ಹೋಗಿ ಹಿಂದೆ ನಿಂತೆ. ಅವರಿಗೆ ಯುದ್ಧದಲ್ಲಿ ಸಿಕ್ಕ ಪದಕದ ಕಥೆಯನ್ನು ಹೆಡ್‌ಮಾಸ್ತರರೇ ಓದಿ ಹೇಳಿದರು. ಎಪ್ಪತ್ತೊಂದರ ಯುದ್ಧದಲ್ಲಿ ಸಾಹೇಬರಿಗೆ ಇಪ್ಪತ್ತಾರು ವರ್ಷ. ಪಶ್ಚಿಮದ ಗಡಿಯ ಹತ್ತಿರದ ಒಂದು ವಿಮಾನ ನೆಲೆಯಿಂದ, ಒಬ್ಬರೇ ಕೂರುವ ಸಣ್ಣ ಯುದ್ಧವಿಮಾನದಲ್ಲಿ, ದಿನಕ್ಕೆ ಎರಡು ಮೂರು ಸಲ ಹಾರುತ್ತಿದ್ದರು. ಒಂದು ದಿನ ಶತ್ರುವಿನ ವಿಮಾನವೊಂದು ಇವರ ತಂಡದ ಮುಂದಾಳಿನ ವಿಮಾನದ ಬೆನ್ನಿಗೆ ಬಿತ್ತು. ಇವರು ಮೇಲಿನಿಂದ ಎರಗಿ ಗುಂಡು ಹಾರಿಸಿದರು, ಅದು ಹೊಗೆ ಕಾರುತ್ತ ಹಿಂದಕ್ಕೆ ಹೊರಳಿತು. ಮುಂದಾಳು ಉಳಿದ. ಆದರೆ ಕೆಳಗಿನ ತೋಪುಗಳ ಹೊಡೆತಕ್ಕೆ ಇವರ ವಿಮಾನ ತೂತುಬಿದ್ದು ಇಂಧನ ಸೋರತೊಡಗಿತು, ರೇಡಿಯೋ ಸತ್ತಿತು. ರೈಲುಹಳಿಯೊಂದನ್ನು ಗುರುತು ಹಿಡಿದು, ಗಿಡಗಳ ತಲೆ ಸವರಿಕೊಂಡು ನೆಲೆಗೆ ತಲುಪಿದರು. ಗಾಲಿ ನೆಲ ಮುಟ್ಟಿದ ಮೇಲೆ ಎಂಜಿನ್ ತಾನಾಗಿಯೇ ನಿಂತಿತು.

ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಹುಡುಗಿಯೊಬ್ಬಳು ಎದ್ದು ಕೇಳಿದಳು, "ಸರ್, ನೀವು ಎಷ್ಟು ಮಂದೀನ ಕೊಂದ್ರಿ?"

ಹೆಡ್‌ಮಾಸ್ತರರು ಗಾಬರಿಯಾದರು. ಸಾಹೇಬರು ಆಗಲಿಲ್ಲ. "ಅದನ್ನ ಎಣಿಸಿಲ್ಲವ್ವ. ನನ್ನ ಕೂಡ ಹೋಗಿ ತಿರುಗಿ ಬರದವರನ್ನ ಎಣಿಸೀನಿ. ಇಬ್ರು. ಇಬ್ರೂ ನನಗಿಂತ ಚಲೋ ಹಾರಸ್ತಿದ್ರು."

ಆಮೇಲೆ ಅವರು ಮಾತಾಡಿದ್ದೆಲ್ಲ ತಮ್ಮ ವಿಮಾನದ ಮೆಕ್ಯಾನಿಕ್ಕಿನ ಬಗ್ಗೆ. ಕೇರಳದ ಹುಡುಗನಂತೆ. ಯುದ್ಧದ ಐದನೇ ದಿನ, ಎಂಜಿನ್ ಶುರುವಾಗಿ ಇನ್ನೇನು ಹೊರಡಬೇಕು ಅನ್ನುವಾಗ ಅವನು ವಿಮಾನದ ಮುಂದೆ ಓಡಿಬಂದು ಎರಡೂ ಕೈ ಅಡ್ಡ ಹಿಡಿದು ನಿಂತನಂತೆ. ಉಳಿದ ಮೂರು ವಿಮಾನಗಳು ಹಾರಿಹೋದವು. ಇವರು ಕೆಳಗಿಳಿದು ಬಾಯಿಗೆ ಬಂದಂತೆ ಬೈದರು. ಅವನು ಹೇಳಿದ್ದಿಷ್ಟೇ: ನನ್ನ ಪೆಟ್ಟಿಗೆಯಲ್ಲಿ ಒಂದು ಸ್ಕ್ರೂಡ್ರೈವರ್ ಕಡಿಮೆ ಇದೆ, ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ಹುಡುಕಿದರೆ ಅದು ಪೈಲಟ್ಟಿನ ಕಾಲಬುಡದಲ್ಲಿ, ವಿಮಾನ ತಿರುಗಿಸುವ ಸರಳಿನ ಪಕ್ಕದಲ್ಲೇ ಬಿದ್ದಿತ್ತು. ಮೇಲೆ ಹೋಗಿ ಅದು ಸರಳಿಗೆ ಸಿಕ್ಕಿಕೊಂಡಿದ್ದರೆ ವಿಮಾನ ಮಾತು ಕೇಳುತ್ತಿರಲಿಲ್ಲ.

"ಯುದ್ಧದಾಗ ಧೈರ್ಯ ಭಾಳ ಮಂದಿಗಿರ್ತೈತಿ" ಅಂದರು ಸಾಹೇಬರು. "ತಪ್ಪು ನಂದೇ ಅಂತ ಓಡಿ ಬಂದು ಹೇಳೋ ಧೈರ್ಯ, ಅದನ್ನ ನಾ ಅವನ ಕಡೆ ನೋಡ್ದೆ."

ಸಭೆಯ ಹಿಂದೆ ನಿಂತಿದ್ದ ನನಗೆ ಯಾಕೋ ಎದೆ ಉಬ್ಬಿತು. ಯುದ್ಧದ ಕಥೆಯಲ್ಲಿ ನನ್ನಂಥವನೊಬ್ಬ ಇರಬಹುದು ಎಂದು ನಾನು ಎಣಿಸಿರಲಿಲ್ಲ.

ಅದೇ ವರ್ಷ, ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಊರ ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುವ ಕೆಲಸ ನಡೆದಿತ್ತು. ಕೂಲಿಯ ಹೆಣ್ಣುಮಕ್ಕಳನ್ನು ಹೊತ್ತು ಮೇಲೆ ಹೋಗುವ ಟೆಂಪೋ ಬೆಳಿಗ್ಗೆ ನನ್ನಲ್ಲಿ ಬ್ರೇಕು ಸರಿಮಾಡಿಸಿಕೊಂಡು ಹೋಗಿತ್ತು. ಹತ್ತು ಗಂಟೆಗೆ ಸಾಹೇಬರು ಬಂದು ಕೂತರು. ಬೆಂಚಿನ ಮೇಲೆ ಬಿದ್ದಿದ್ದ, ಹೆಂಗಸರ ಕೂದಲ ಪಿನ್ನಿನಂಥ ಸಣ್ಣ ಪಿನ್ನೊಂದನ್ನು ಎತ್ತಿ ಹಿಡಿದರು.

"ಇದು ಹಳೇದೋ ಹೊಸಾದೋ?"

"ಹೊಸಾದ್ರಿ."

"ಮತ್ತ ಇಲ್ಲ್ಯಾಕೈತಿ?"

ಬ್ರೇಕಿನ ಪೆಡಲು ಮತ್ತು ಅದರ ಸರಳನ್ನು ಜೋಡಿಸುವ ಗುಂಡಗಿನ ಮೊಳೆ ಜಾರಿ ಬೀಳದಂತೆ ಹಿಡಿಯುವುದು ಆ ಪಿನ್ನು. ಬೆಳಿಗ್ಗೆ ಮೊಳೆ ಕೂರಿಸುವಾಗ ಯಾರೋ ಟ್ರ್ಯಾಕ್ಟರಿನವರು ಕೂಗಿದ್ದರು, ಎದ್ದು ಹೋಗಿದ್ದೆ.

"ಹಾಕೀನಿ ಅನ್ನಸ್ತೈತ್ರಿ. ಎರಡು ತಂದಿದ್ದೆ ಏನೋ."

"ಅನ್ನಸ್ತೈತೋ, ಖರೇನೋ?"

"ಗೊತ್ತಿಲ್ರಿ" ಅಂದೆ.

"ಹಂಗಾರ ನಡ್ರಿ. ಲಗೂ" ಎಂದು ಅವರು ಚಹಾದ ಕಪ್ಪನ್ನು ಅಲ್ಲೇ ಇಟ್ಟು ಎದ್ದರು. ಅವತ್ತೊಂದು ದಿನ ಅವರು ಜೀಪಿನ ಸುತ್ತ ಸುತ್ತಲಿಲ್ಲ.

ಟೆಂಪೋದವನ ಹತ್ತಿರ ಮೊಬೈಲ್ ಇರಲಿಲ್ಲ. ಗುಡ್ಡದ ದಾರಿ ಎಂದರೆ ಹೊಸದಾಗಿ ಕಡಿದ ಕೆಂಪು ಮಣ್ಣಿನ ಏರು, ಒಂದು ಕಡೆ ಕಲ್ಲಿನ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಸಾಹೇಬರು ಜೀಪು ಓಡಿಸಿದರು. ಪ್ರತಿ ತಿರುವಿನಲ್ಲೂ ನಾನು ಕೆಳಗಿನ ಕಮರಿಯನ್ನು ನೋಡುತ್ತಿದ್ದೆ, ಉರುಳಿದ ಟೆಂಪೋ ಕಾಣುತ್ತದೇನೋ ಎಂದು. ನಾವು ಮೇಲೆ ತಲುಪಿದಾಗ ಟೆಂಪೋ ಇಳಿಜಾರಿಗೆ ಮುಖ ತಿರುಗಿಸಿ ನಿಂತಿತ್ತು. ಅವತ್ತು ಸಿಮೆಂಟು ಬಂದಿರಲಿಲ್ಲವಂತೆ, ಕೆಲಸವಿಲ್ಲವೆಂದು ಹನ್ನೊಂದು ಹೆಣ್ಣುಮಕ್ಕಳು ಮತ್ತೆ ಹತ್ತಿ ಕೂತಿದ್ದರು. ಎಂಜಿನ್ ಶುರುವಾಗಿತ್ತು, ಗಾಲಿ ಉರುಳತೊಡಗಿತ್ತು.

ನಾನು ಜಿಗಿದು ಓಡಿ ಟೆಂಪೋದ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟೆ. ಡ್ರೈವರ್ ಬೈಯುತ್ತ ಬ್ರೇಕು ತುಳಿದ. ಅದು ಹಿಡಿಯಿತು. ಒಳಗೆ ತಲೆ ತೂರಿಸಿ ನೋಡಿದರೆ ಪಿನ್ನಿರಲಿಲ್ಲ. ಮೊಳೆ ಮುಕ್ಕಾಲು ಪಾಲು ಹೊರಗೆ ಬಂದಿತ್ತು. ಇಳಿಜಾರಿನಲ್ಲಿ ಇನ್ನು ನಾಲ್ಕು ಸಲ ತುಳಿದಿದ್ದರೆ ಸಾಕಿತ್ತು.

ಮೊಳೆಯನ್ನು ಒಳಕ್ಕೆ ತಳ್ಳಿ ಪಿನ್ನು ಹಾಕಿದೆ. ಡ್ರೈವರ್ ಕಿವಿಯಲ್ಲಿ ಹೇಳಿದ, "ಗಾಲಿ ಗಾಳಿ ನೋಡಾಕ ಬಂದಿದ್ದೆ ಅಂತ ಹೇಳು. ಸುಮ್ನ ಅಂಜತಾವು ಹೆಣ್ಮಕ್ಳು."

ನಾನು ಸಾಹೇಬರನ್ನು ನೋಡಿದೆ. ಅವರು ಜೀಪಿನಿಂದ ಇಳಿದಿರಲೇ ಇಲ್ಲ. ನಾನು ಟೆಂಪೋದ ಹಿಂದೆ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. "ಬ್ರೇಕಿನ ಪಿನ್ನು ಹಾಕೋದು ಮರ್ತಿದ್ದೆ. ತಪ್ಪು ನಂದು. ಈಗ ಹಾಕೀನಿ."

ಮುಂದೆ ಕೂತಿದ್ದ ಮುದುಕಿಯೊಬ್ಬಳು ಬುಟ್ಟಿ ಎತ್ತಿ ನನ್ನ ಮೇಲೆ ಒಗೆದಳು. "ನಿನ್ನ ಕೈ ಸೇದಿ ಹೋಗ್ಲೋ! ನನ್ನ ಸೊಸಿ ಬಸರಿ ಅದಾಳೋ ಇದರಾಗ!" ಪಕ್ಕದಲ್ಲಿದ್ದ ಸೊಸೆ ಅವಳ ಸೆರಗು ಜಗ್ಗಿದಳು. "ಸುಮ್ನಿರತ್ತಿ. ಓಡಿ ಬಂದಾನಲ್ಲ."

ಟೆಂಪೋ ಮುಂದೆ, ನಮ್ಮ ಜೀಪು ಹಿಂದೆ, ಎರಡೂ ನಿಧಾನವಾಗಿ ಇಳಿದವು. ಅರ್ಧ ದಾರಿಗೆ ನನಗೆ ಅಳು ಬಂತು. "ನಾಳಿಂದ ಯಾರ್ ಬರ್ತಾರ್ರಿ ನನ್ನ ಗ್ಯಾರೇಜಿಗೆ?"

ಆಗ ಅವರು ತಮ್ಮ ಕತ್ತಿನ ಕಥೆ ಹೇಳಿದರು. ಪರೀಕ್ಷೆಯ ಪೈಲಟ್ ಆಗಿದ್ದಾಗ ಹೊಸದೊಂದು ವಿಮಾನದ ಬಾಲದಲ್ಲಿ, ವೇಗ ಏರಿದಾಗ, ಸಣ್ಣದೊಂದು ನಡುಕ ಅವರಿಗೆ ತಿಳಿಯುತ್ತಿತ್ತಂತೆ. ಬೇರೆ ಇಬ್ಬರು ಹಾರಿಸಿದರು, ಅವರಿಗೆ ತಿಳಿಯಲಿಲ್ಲ. ವಿಮಾನ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಸರಿಯಾಗಿದೆ ಎಂದು ಸಹಿ ಮಾಡು ಎಂದು ಮೇಲಿನವರು ಹೇಳಿದರು. ಯುದ್ಧ ಮಾಡಿದವನು ಈಗ ಅಂಜುತ್ತಾನೆ ಎಂದು ಹಿಂದಿನಿಂದ ಆಡಿಕೊಂಡರು. ಇವರು ಸಹಿ ಮಾಡಲಿಲ್ಲ, ಇನ್ನೊಮ್ಮೆ ನಾನೇ ಹಾರಿಸುತ್ತೇನೆ ಅಂದರು. ಆ ಸಲ ಬಾಲದ ಒಂದು ಭಾಗವೇ ಕಿತ್ತು ಹೋಯಿತು. ಆಸನದ ಸಮೇತ ಹೊರಕ್ಕೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದರು. ಆ ಹೊಡೆತಕ್ಕೆ ಕತ್ತಿನ ಮೂಳೆ ಕುಸಿಯಿತು. ಎರಡು ವರ್ಷ ದವಾಖಾನೆ, ಆಮೇಲೆ ಯುದ್ಧವಿಮಾನ ಮುಟ್ಟಲು ಬಿಡಲಿಲ್ಲ.

"ಆ ಜಾತಿ ವಿಮಾನ ಎಲ್ಲಾ ತಿರುಗಿ ಬಿಚ್ಚಿ ಬಾಲ ರಿಪೇರಿ ಮಾಡಿದ್ರು. ಆಮ್ಯಾಲೆ ಎಷ್ಟೋ ಹುಡುಗ್ರು ಅದನ್ನ ಹಾರಸ್ಯಾರ. ಅವ್ರಿಗೆ ನಾ ಯಾರಂತ ಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ" ಅಂದರು. "ಮಿಸ್ತ್ರಿ, ನಾ ಇನ್ನೊಮ್ಮೆ ಹಾರಸಂಗಿದ್ರ, ಅದನ್ನ ನಿಮ್ಮ ಕೈಯಿಂದನ ರಿಪೇರಿ ಮಾಡಸ್ತಿದ್ದೆ. ಇವತ್ತು ಬೆಳಿಗ್ಗೆ ಆಗಿದ್ರ ಇಲ್ಲ. ಈಗ ಹೌದು."

ನಾನು ಅಂಜಿದ ಹಾಗೆ ಆಗಲಿಲ್ಲ. ಮರುವಾರ ಅದೇ ಟೆಂಪೋ ಬಂತು. ಹಿಂದೆಯೇ ಪಕ್ಕದ ಹಳ್ಳಿಯಿಂದ ಎರಡು ಟ್ರ್ಯಾಕ್ಟರು ಬಂದವು. "ತಪ್ಪಾದ್ರ ತಾನ ಹೇಳ್ತಾನಂತ, ಅವನ ಕಡೆ ಒಯ್ರಿ ಅಂದ್ಳು ನಮ್ಮವ್ವ" ಎಂದ ಅವುಗಳಲ್ಲೊಂದರ ಡ್ರೈವರ್. ಬುಟ್ಟಿ ಒಗೆದ ಮುದುಕಿಯೇ ಅವನ ತಾಯಿ ಎಂದು ತಿಳಿದು ನಾನು ಎಷ್ಟೋ ಹೊತ್ತು ನಕ್ಕೆ.

ಸಾಹೇಬರು ಆ ದಶಕದ ಕೊನೆಗೆ, ಜೋಳ ತೆನೆ ಕಟ್ಟುವ ಕಾಲದಲ್ಲಿ, ಹೊಲಕ್ಕೆ ಹೋದವರು ಬೇವಿನ ಗಿಡದ ಕೆಳಗೆ ಕೂತಲ್ಲೇ ತೀರಿಕೊಂಡರು. ವಾಯುಪಡೆಯ ಆರು ಜನ ಸಮವಸ್ತ್ರದಲ್ಲಿ ಬಂದರು. ನಮ್ಮ ಕಡೆ ಲಿಂಗಾಯತರು ತೀರಿಕೊಂಡವರನ್ನು ಕೂರಿಸಿ ಒಯ್ಯುತ್ತಾರೆ, ಹೂವಿನಿಂದ ಕಟ್ಟಿದ ಆ ಪಲ್ಲಕ್ಕಿಗೆ ವಿಮಾನ ಎಂದೇ ಹೆಸರು. ಊರವರು ರಾಷ್ಟ್ರಧ್ವಜ ಹೊದಿಸಿ ಅವರನ್ನು ಅದರಲ್ಲಿ ಕೂರಿಸಿದರು. ನಾನು ದೂರ ನಿಂತಿದ್ದೆ. ಅಮ್ಮಾವರು, ಅವರ ಹೆಂಡತಿ, ಜನರ ನಡುವೆ ನನ್ನನ್ನು ಹುಡುಕಿ ಕರೆಸಿದರು. "ನೀವೂ ಹೆಗಲು ಕೊಡ್ರಿ" ಅಂದರು. ಯಾರೂ ಬೇಡವೆನ್ನಲಿಲ್ಲ.

ಹೊಲದವರೆಗಿನ ದಾರಿಯಲ್ಲಿ ನನ್ನ ಎದುರಿನ ಕೋಲಿಗೆ ಹೆಗಲು ಕೊಟ್ಟವನು ವಾಯುಪಡೆಯ ಒಬ್ಬ ಹರೆಯದ ಅಧಿಕಾರಿ. ಎದೆಯ ಮೇಲೆ ಪೈಲಟ್ಟಿನ ರೆಕ್ಕೆಯ ಗುರುತಿತ್ತು. ಹಿಂದಿಯಲ್ಲಿ ಮೆಲ್ಲಗೆ ಕೇಳಿದ, ನೀವೂ ಸಾಹೇಬರ ಜೊತೆ ವಾಯುಪಡೆಯಲ್ಲಿದ್ದವರೇ ಎಂದು.

"ಇಲ್ಲ ಸಾಹೇಬ್ರ" ಅಂದೆ. "ಗಜೇಂದ್ರಗಡದಾಗ ಟ್ರ್ಯಾಕ್ಟರ್ ರಿಪೇರಿ ಮಾಡ್ತೀನಿ."

ಅವನಿಗೆ ನನ್ನ ಕನ್ನಡ ಎಷ್ಟು ತಿಳಿಯಿತೋ ಕಾಣೆ, ತಲೆದೂಗಿದ. ಆ ಮಾತನ್ನು ನಾನು ಅಷ್ಟು ಜನರ ನಡುವೆ ತಲೆ ತಗ್ಗಿಸದೆ ಹೇಳಿದ್ದೆ. ಹಾಗೆ ಹೇಳುವುದನ್ನು ನನಗೆ ಕಲಿಸಿದವರು ನನ್ನ ಹೆಗಲ ಮೇಲಿದ್ದರು.